ಓನ್ನೋನ ಬೆನ್ನ ಹಿಂದಿನ ಜಾಗ

೪ ಮೇ ೧೯೧೮, ಬೆಳಿಗ್ಗೆ ೭

ಮತ್ತೆ ಮಂಜು. ಹಾರಾಟ ಇಲ್ಲ. ಕಾಫಿ ಎಂದು ಕೊಟ್ಟದ್ದು ಹುರಿದ ಬಾರ್ಲಿಯ ನೀರು. ಕುಡಿದೆ. ನನ್ನ ಜೊತೆ ಹಾರುವ ಓನ್ನೋ ಮುಟ್ಟಲಿಲ್ಲ. ಸಮುದ್ರದ ಕಡೆಯ ಫ್ರೀಸಿಯಾದವನು, ಚಹಾ ಬಿಟ್ಟು ಬೇರೇನೂ ಅವನ ಗಂಟಲಲ್ಲಿ ಇಳಿಯುವುದಿಲ್ಲ. ಹೆಂಡತಿ ಗೇಶೆ ಕಳಿಸಿದ ಪೊಟ್ಟಣ ಮುಗಿಯುತ್ತಾ ಬಂತು. ಒಂದೇ ಎಲೆಯನ್ನು ನಾಲ್ಕನೇ ಸಲ ಕುದಿಸುತ್ತಿದ್ದಾನೆ.

ಬೆಲ್ಜಿಯಮ್ಮಿನ ಫ್ಲಾಂಡರ್ಸಿನಲ್ಲಿರುವ ಈ ಜರ್ಮನ್ ವಿಮಾನದಳಕ್ಕೆ ಬಂದು ಮೂರು ವಾರ. ಎರಡು ಇಂಗ್ಲಿಷ್ ವಿಮಾನ ಹೊಡೆದೆ. ಎರಡೂ ನನ್ನ ಹೆಸರಿಗೆ ದಕ್ಕಲಿಲ್ಲ. ಒಂದು ಮೋಡದೊಳಗೆ ಬಿತ್ತು, ಇನ್ನೊಂದು ಕಂದಕಗಳ ಆಚೆ. ದಳದ ನಾಯಕ ಗ್ರೋಟೆ ಕೇಳುವುದು ಒಂದೇ ಪ್ರಶ್ನೆ — "ಬಿದ್ದಿದ್ದನ್ನ ಕಣ್ಣಾರೆ ಕಂಡೋರು ಯಾರ್ರೀ?" ಸಾಕ್ಷಿ ಇಲ್ಲದಿದ್ದರೆ ಹೊಡೆದಂತೆಯೇ ಅಲ್ಲ. ನಿಯಮ.

ನನ್ನ ವಿಮಾನದ ಮೆಕ್ಯಾನಿಕ್ ಕುಬಾಲ್ಲಾ, ನಲವತ್ತು ದಾಟಿದ ಸಿಲೇಸಿಯಾದವನು, ನಗು ತಡೆಯಲಾರ. "ಸಾಹೇಬ್ರೇ, ಮುಂದಿನ ಸಲ ಪಾದ್ರಿನ ರೆಕ್ಕೆ ಮೇಲೆ ಕೂರಿಸ್ಕೊಂಡು ಹೋಗಿ. ಅವರ ಮಾತು ಯಾರೂ ತೆಗೆದುಹಾಕಲ್ಲ."

ನಕ್ಕೆ. ಒಳಗೆ ಉರಿಯಿತು.

೧೯ ಮೇ, ಸಂಜೆ

ಬಿಸಿಲು. ಎರಡು ಸಲ ಮೇಲೆ ಹೋಗಿ ಬಂದೆವು. ನನ್ನ ಜಾಗ ಗೊತ್ತಿದ್ದದ್ದೇ — ಓನ್ನೋನ ಹಿಂದೆ, ಸ್ವಲ್ಪ ಮೇಲೆ, ಬಲಕ್ಕೆ. ಅವನು ಹೊಡೆಯುವವನು, ನಾನು ಅವನ ಬೆನ್ನು ಕಾಯುವವನು. ಅವನ ಹೆಸರಿಗೆ ಹನ್ನೊಂದು ವಿಮಾನ. ನನಗೆ ಸೊನ್ನೆ.

ಹೊಟ್ಟೆಕಿಚ್ಚೇ? ಹೌದು. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು?

ಆದರೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಊಟದ ಮೇಲೆ ಪಕ್ಕಕ್ಕೆ ಕರೆದು ಹೇಳಿದ — "ಎರ್ವಿನ್, ಆಗಸ್ಟಿನಲ್ಲಿ ನಾನು ಅಪ್ಪ ಆಗ್ತೀನಿ. ಇನ್ನೂ ಯಾರಿಗೂ ಹೇಳಿಲ್ಲ."

"ಗಂಡೋ ಹೆಣ್ಣೋ ನೋಡ್ದೋರು ಯಾರು? ಸಾಕ್ಷಿ ಬೇಕಲ್ಲ" ಅಂದೆ.

ಗುದ್ದಿದ. ಭುಜ ಇನ್ನೂ ನೋಯುತ್ತಿದೆ.

೬ ಜೂನ್, ಮಧ್ಯಾಹ್ನ ೧

ಓನ್ನೋ ಬೆಳಿಗ್ಗೆ ಬಾತುಕೋಳಿ ಹಿಡಿಯಲು ಹೋಗಿ ಕಾಲುವೆಗೆ ಬಿದ್ದ, ಕೋಟಿನ ಸಮೇತ. ಬಾತುಕೋಳಿ ಹಾರಿಹೋಯಿತು. ಇಡೀ ದಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೂರು ಗಂಟೆಗೆ ಹಾರಬೇಕು, ಅವನ ಕುರಿಚರ್ಮದ ಕೋಟು ಹಗ್ಗದ ಮೇಲೆ ನೀರು ತೊಟ್ಟಿಕ್ಕುತ್ತಿದೆ. ನನ್ನದನ್ನು ಕೊಟ್ಟೆ. ಅವನಿಗೆ ಭುಜದಲ್ಲಿ ಬಿಗಿ. ನನಗೆ ಎರಡು ಸ್ವೆಟರ್ ಸಾಕು. ಇಂದು ಅಷ್ಟೇನೂ ಚಳಿಯಿಲ್ಲ.

೬ ಜೂನ್, ಸಂಜೆ ೬

ಓನ್ನೋ ಬರಲಿಲ್ಲ.

ಬರೆಯಬೇಕು. ನಡೆದದ್ದನ್ನು ನಡೆದ ಹಾಗೆ.

ಎರಡು ಆಸನದ ಇಂಗ್ಲಿಷ್ ವಿಮಾನ, ಒಂಟಿ, ನಮ್ಮ ಕಡೆ ಒಳಗೆ ಬಂದಿತ್ತು. ಓನ್ನೋ ಮೊದಲು ಹೊಡೆದ, ತಪ್ಪಿತು. ಅದು ನನ್ನ ಎದುರಿಗೇ ತಿರುಗಿತು. ಹೊಡೆದೆ. ಹೊಗೆ. ಬಾಗಿಕೊಂಡು ಕೆಳಗಿಳಿಯತೊಡಗಿತು — ನಮ್ಮ ನೆಲದ ಮೇಲೆ, ನಮ್ಮವರ ಕಣ್ಣೆದುರು. ಈ ಸಲ ಸಾಕ್ಷಿ ಸಿಗುತ್ತದೆ ಎಂದು ಅದರ ಹಿಂದೆಯೇ ಇಳಿದೆ. ಎಲ್ಲಿ ಬೀಳುತ್ತದೆ ಎಂದು ನೋಡಿ ಗುರುತು ಹಾಕಿಕೊಳ್ಳಲು. ಒಂದು ನಿಮಿಷ. ಹೆಚ್ಚೆಂದರೆ ಒಂದೂವರೆ.

ಮೇಲೆ ನೋಡಿದಾಗ ಐದು ಇಂಗ್ಲಿಷ್ ವಿಮಾನ. ಓನ್ನೋನ ಹಿಂದೆ ಯಾರೂ ಇರಲಿಲ್ಲ. ಅವನ ವಿಮಾನ ಕಂದಕಗಳ ಆಚೆಗೆ ಇಳಿಯುತ್ತಾ ಹೋಯಿತು. ಬೆಂಕಿ ಕಾಣಲಿಲ್ಲ. ಅಷ್ಟೇ ಗೊತ್ತು.

೭ ಜೂನ್

ದಕ್ಕಿತು. ತೋಪಿನ ಪಡೆಯ ಮೂವರು ನೋಡಿದ್ದಾರೆ, ಸಹಿ ಹಾಕಿ ಕಳಿಸಿದ್ದಾರೆ. ನನ್ನ ಮೊದಲನೆಯದು. ಎಲ್ಲರೂ ಬಂದು ಕೈ ಕುಲುಕಿದರು. ಅವರ ಮುಖ ನೋಡಲಾಗಲಿಲ್ಲ.

ಬಿದ್ದ ವಿಮಾನ ನೋಡಲು ಹೋಗಿದ್ದೆ. ಹಾರಿಸುತ್ತಿದ್ದವನು ಸತ್ತಿದ್ದ. ಹಿಂದೆ ಕೂತಿದ್ದವನ ಕೈ ಸುಟ್ಟಿದೆ, ಬದುಕುತ್ತಾನೆ. ಸಿಗರೇಟ್ ಕೊಟ್ಟೆ. ಅವನು ತೆಗೆದುಕೊಂಡ.

ಗ್ರೋಟೆ ಬಳಿ ಹೋಗಿ ಎಲ್ಲ ಹೇಳಿದೆ. "ನಾನು ನನ್ನ ಜಾಗ ಬಿಟ್ಟೆ" ಅಂದೆ.

ಅವನು ಪೆನ್ನು ಕೆಳಗಿಟ್ಟ. "ಗೊತ್ತು. ಮೇಲಿಂದ ಇನ್ನಿಬ್ಬರು ನೋಡಿದಾರೆ. ಇಲ್ಲಿರೋ ಅರ್ಧ ಜನ ಹಾಗೇ ಮಾಡ್ತಿದ್ರು, ಟೀಲೆ. ಅದರಿಂದ ನಿಮಗೇನೂ ಸಮಾಧಾನ ಆಗಲ್ಲ ಅಂತಾನೂ ಗೊತ್ತು. ಅವನ ಹೆಂಡತಿಗೆ ನೀವೇ ಬರೀರಿ. 'ಕಾಣೆಯಾಗಿದ್ದಾನೆ' ಅಂತ ಬರೀರಿ. ಅದಕ್ಕಿಂತ ಹೆಚ್ಚು ಬೇಡ."

ಒಂದು ಸಾಲೂ ಬರೆಯಲಾಗಲಿಲ್ಲ. ಏಳು ತಿಂಗಳ ಬಸುರಿಗೆ ಏನೆಂದು ಬರೆಯಲಿ?

೯ ಜೂನ್, ಬೆಳಿಗ್ಗೆ ೧೧

ಚೀಲ ಎಸೆದು ಬಂದೆ.

ಎರಡೂ ಕಡೆಯವರು ಮಾಡುತ್ತೇವೆ. ಬಿದ್ದವರ ಸುದ್ದಿ ಚೀಟಿಯಲ್ಲಿ ಬರೆದು, ಮರಳು ತುಂಬಿದ ಚೀಲಕ್ಕೆ ಹಾಕಿ, ಉದ್ದನೆಯ ಬಣ್ಣದ ಬಟ್ಟೆ ಕಟ್ಟಿ, ಅವರ ಮೈದಾನದ ಮೇಲೆ ಬಿಡುವುದು. ಮೇಲಧಿಕಾರಿಗಳು ಈಗ ಬೇಡ ಎಂದಿದ್ದಾರೆ. ಗ್ರೋಟೆ ಚಾವಣಿ ನೋಡುತ್ತಾ ಹೇಳಿದ — "ನಿಮ್ಮ ಎಂಜಿನ್ ಯಾಕೋ ಸರಿಯಿಲ್ಲ ಅನ್ಸುತ್ತೆ. ಒಂದು ಸುತ್ತು ಹಾರಿಸಿ ನೋಡ್ಕೊಂಡು ಬನ್ನಿ. ಯಾವ ಕಡೆಗೆ ಅಂತ ನಾನು ಕೇಳಲ್ಲ."

ನಾನು ಕೆಡವಿದ ವಿಮಾನದಲ್ಲಿದ್ದ ಇಬ್ಬರ ಹೆಸರು ಬರೆದೆ, ಒಬ್ಬ ಸತ್ತ, ಒಬ್ಬ ಬದುಕಿದ್ದಾನೆ ಎಂದು. ಕೆಳಗೆ ಕೇಳಿದೆ — ಜೂನ್ ೬ರ ಮಧ್ಯಾಹ್ನ ನಿಮ್ಮ ಕಡೆ ಇಳಿದ ನಮ್ಮವನು ಏನಾದ? ಅವಸರದಲ್ಲಿ ಅವನ ಹೆಸರು ಬರೆಯುವುದನ್ನೇ ಮರೆತಿದ್ದೇನೆ. ಇಳಿದ ಮೇಲೆ ನೆನಪಾಯಿತು. ಎಂಥ ದಡ್ಡ.

೧೨ ಜೂನ್, ಮಧ್ಯಾಹ್ನ ೨

ಉತ್ತರ ಬಂತು. ನೀಲಿ ಬಟ್ಟೆ ಕಟ್ಟಿದ ಚೀಲ ಅಡುಗೆಮನೆಯ ಹಿಂದೆ ಬಿತ್ತು. ಗ್ರೋಟೆ ಬಿಚ್ಚಿ ಓದಿದ. ಇನ್ನೊಮ್ಮೆ ಓದಿದ. ನನ್ನ ಮುಖ ನೋಡಿದ.

"ಲೆಫ್ಟಿನೆಂಟ್ ಎರ್ವಿನ್ ಟೀಲೆ. ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ. ನಮ್ಮ ಆಸ್ಪತ್ರೆಯಲ್ಲಿದ್ದಾರೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ."

ಕುಬಾಲ್ಲಾ ನನ್ನ ತೋಳು ಮುಟ್ಟಿ ನೋಡಿದ. "ಸಾಹೇಬ್ರೇ, ನೀವು ಆಸ್ಪತ್ರೇಲಿ ಮಲಗಿದೀರಂತೆ. ಇಲ್ಲೇನು ಮಾಡ್ತಿದೀರಿ?" ಮರುಕ್ಷಣ ಅವನೇ ತೊಡೆ ತಟ್ಟಿಕೊಂಡ. "ಕೋಟು! ನಿಮ್ಮ ಕೋಟಿನ ಕಾಲರಿಗೆ ಹೆಸರಿನ ಪಟ್ಟಿ ಹೊಲಿದಿದ್ದು ನಾನೇ ಅಲ್ವಾ!"

ಓನ್ನೋ ಬದುಕಿದ್ದಾನೆ! ಬದುಕಿದ್ದಾನೆ. ಅತ್ತುಬಿಟ್ಟೆ, ಎಲ್ಲರೆದುರಿಗೇ. ನಾಚಿಕೆಯಾಗಲಿಲ್ಲ.

ಸಂಜೆ ೪ — ಈಗ ಹೊಳೆಯಿತು. ಪ್ರಜ್ಞೆ ಬಾರದೆ ಹೋದರೆ? ನನ್ನ ಹೆಸರಿನಲ್ಲೇ ಮಣ್ಣು ಮಾಡುತ್ತಾರೆ. ಗೇಶೆಗೆ ಎಂದೆಂದಿಗೂ 'ಕಾಣೆ' ಅಷ್ಟೇ. ಗೋರಿ ಹುಡುಕಿಕೊಂಡು ಹೋದರೂ ಸಿಗುವುದಿಲ್ಲ.

೧೩ ಜೂನ್

ಮಳೆ. ಹಾರಲಾಗಲಿಲ್ಲ. ಚೀಟಿ ಸಿದ್ಧವಿದೆ. ಏಳು ಸಲ ಬರೆದೆ. ದೊಡ್ಡ ಅಕ್ಷರದಲ್ಲಿ — ಕೋಟು ನನ್ನದು, ಅದರೊಳಗಿರುವವನು ಓನ್ನೋ ಹಾರ್ಮ್ಸ್. ಹೆಂಡತಿ ಗೇಶೆ, ಊರು ಲೇರ್. ಮಗು ಹುಟ್ಟುವುದರಲ್ಲಿದೆ. ಅವನಿಗೆ ಕೇಳಿಸುವ ಹಾಗೆ ಇದನ್ನು ಯಾರಾದರೂ ಹೇಳಿ.

೧೪ ಜೂನ್, ಬೆಳಿಗ್ಗೆ ೯

ಹಾಕಿದೆ. ಮರಗಳ ಮಟ್ಟಕ್ಕೆ ಇಳಿದಿದ್ದೆ. ಮೊದಲು ಗುಂಡು ಹಾರಿಸಿದರು, ರೆಕ್ಕೆಗೆ ನಾಲ್ಕು ತೂತು. ಚೀಲಕ್ಕೆ ಕಟ್ಟಿದ ಬಣ್ಣದ ಬಟ್ಟೆ ಬಿಚ್ಚಿಕೊಂಡದ್ದು ಕಂಡ ಕೂಡಲೇ ನಿಲ್ಲಿಸಿದರು. ಅಂಗಿ ಕಳಚಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಒಬ್ಬ ಓಡಿ ಬಂದು ಚೀಲ ಎತ್ತಿಕೊಂಡ. ಮುಖದ ತುಂಬ ಸೋಪಿನ ನೊರೆ. ಕೈ ಬೀಸಿದ. ನಾನೂ ಬೀಸಿದೆ.

ಕುಬಾಲ್ಲಾನ ಸಿಟ್ಟು ಮಾತ್ರ ಇಳಿದಿಲ್ಲ. "ತೂತು ಮುಚ್ಚೋನು ನಾನು. ಕೈ ಬೀಸೋದು ನೀವು."

ಗೇಶೆಗೆ ಬರೆದೆ. ಎಲ್ಲ. ನಾನು ಅವನ ಹಿಂದಿನ ಜಾಗ ಬಿಟ್ಟದ್ದು, ಯಾತಕ್ಕೆ ಬಿಟ್ಟೆ ಎನ್ನುವುದೂ. ಗ್ರೋಟೆ ಬೇಡ ಎಂದಿದ್ದ. ಇರಲಿ.

೨೯ ಜೂನ್

ಗೇಶೆಯ ಕಾಗದ. ಇಲ್ಲಿ ಇಳಿಸಿಕೊಳ್ಳುತ್ತೇನೆ:

"ನೀವು ಹೇಳಿದ್ದು ಒಳ್ಳೇದಾಯ್ತು. ಸಿಟ್ಟು ಬಂದಿದೆ. ಎರಡು ದಿನ ಆ ಸಿಟ್ಟಲ್ಲೇ ಬಟ್ಟೆ ಒಗೆದೆ, ಒಂದು ಹಾಸಿಗೆ ಬಟ್ಟೆ ಹರಿದೇ ಹೋಯ್ತು. ಆದರೆ ಇದನ್ನ ಓನ್ನೋಗೆ ನಾನು ಬರೆಯಲ್ಲ. ಅವರ ಮುಂದೆ ನಿಂತು ನೀವೇ ಹೇಳಬೇಕು. ಅದಕ್ಕೆ ಅವರೂ ಬದುಕಿರಬೇಕು, ನೀವೂ ಬದುಕಿರಬೇಕು. ಹಾಗಾಗಿ ಹುಷಾರಾಗಿರಿ. ಕೇಳಿಕೊಳ್ಳುತ್ತಿಲ್ಲ, ಅಪ್ಪಣೆ ಮಾಡುತ್ತಿದ್ದೀನಿ."

ಇಂಥ ಅಪ್ಪಣೆ ಸೈನ್ಯದಲ್ಲಿ ಯಾರೂ ಕೊಟ್ಟಿರಲಿಲ್ಲ.

೩ ಆಗಸ್ಟ್

ಮೈದಾನ ಬದಲಾಗಿ ತಿಂಗಳಾಯಿತು. ಎರಡನೇ ಚೀಲಕ್ಕೆ ಉತ್ತರ ಬಂದಿಲ್ಲ. ಬಂದಿದ್ದರೂ ಹಳೆಯ ಜಾಗದಲ್ಲಿ, ಖಾಲಿ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಕುಬಾಲ್ಲಾ ಸೈಕಲ್ ಹತ್ತಿ ಹೋಗಿ ಹುಡುಕಿ ಬಂದ. ಸಿಕ್ಕದ್ದು ಒಂದು ಬೂಟು. "ಎಡಗಾಲಿಂದು" ಎಂದ, ಅದೂ ಒಂದು ಸುದ್ದಿ ಎನ್ನುವ ಹಾಗೆ.

ಈಗ ಮುಂದೆ ಹಾರುವವನು ನಾನು. ಇಂದು ಒಂದನ್ನು ಹೊಡೆದೆ. ಹೊಗೆಯಾಡುತ್ತಾ ಕೆಳಗಿಳಿಯಿತು. ಹಿಂಬಾಲಿಸಲಿಲ್ಲ. ತಿರುಗಿ ನನ್ನವರನ್ನು ಎಣಿಸಿದೆ. ಮೂವರೂ ಇದ್ದರು. ಸಾಕ್ಷಿ ಇಲ್ಲ, ದಕ್ಕಲಿಲ್ಲ. ಊಟ ರುಚಿಯಾಗಿತ್ತು.

೨೪ ಆಗಸ್ಟ್, ಬೆಳಿಗ್ಗೆ

ಒಂದೇ ಟಪಾಲಿನಲ್ಲಿ ಎರಡು!

ಗೇಶೆಯದು — ಹೆಣ್ಣು ಮಗು. ಹತ್ತೊಂಬತ್ತನೇ ತಾರೀಖು. ಹೆಸರು ಟಾಲ್ಕೆ.

ಇನ್ನೊಂದು ಇಂಗ್ಲೆಂಡಿನ ಸೆರೆ ಶಿಬಿರದ ಕಾರ್ಡು, ಎಡಗೈಯಲ್ಲಿ ಗೀಚಿದ್ದು. "ಬಲಗೈ ಇನ್ನೂ ಕಟ್ಟಿದಾರೆ. ತಲೆ ಕೂಡಿಕೊಂಡಿದೆ. ಎದ್ದ ಮೇಲೆ ಎಲ್ಲರೂ ಟೀಲೆ ಟೀಲೆ ಅಂತ ಕರೀತಿದ್ರು. ಎರಡು ದಿನ ನನಗೂ ಅನುಮಾನ ಬಂದಿತ್ತು. ಆಮೇಲೆ ಒಬ್ಬ ಬಂದು ಗೇಶೆ ಹೆಸರು ಹೇಳಿದ. ನಾನು ನೀನಾಗಿದ್ರೆ, ನಿನಗೆಲ್ಲಿಂದ ಬರಬೇಕು ಹೆಂಡ್ತಿ? ಆಗ ನಾನು ಯಾರು ಅಂತ ಗೊತ್ತಾಯ್ತು. ಓನ್ನೋ."

ಕುಬಾಲ್ಲಾ, ಗ್ರೋಟೆ, ಅಡುಗೆಯವನು, ಎಲ್ಲರಿಗೂ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು.

ಜಾಗ ಬಿಟ್ಟ ವಿಷಯ ಅದರಲ್ಲಿಲ್ಲ. ಅವನಿಗೆ ಗೊತ್ತಿಲ್ಲ. ನನ್ನ ಎಂಜಿನ್ ಕೆಟ್ಟಿತ್ತೆಂದೋ, ನನಗೂ ಏಟು ಬಿದ್ದಿತ್ತೆಂದೋ ತಿಳಿದಿರಬೇಕು. ಹೇಳಬೇಕಾದ್ದು ಬಾಕಿ ಉಳಿದಿದೆ.

೧೧ ನವೆಂಬರ್

ಮುಗಿಯಿತು. ಸೋತೆವು. ಹನ್ನೊಂದು ಗಂಟೆಗೆ ತೋಪುಗಳು ನಿಂತವು. ಆ ಸದ್ದಿಲ್ಲದೆ ಕಿವಿ ಗುಂಯ್ ಎನ್ನುತ್ತಿತ್ತು. ಕುಬಾಲ್ಲಾ ನನ್ನ ವಿಮಾನದ ಮೂತಿ ಒರೆಸಿದ. "ನಾಳೆ ಬೇರೆಯೋರಿಗೆ ಕೊಡೋದು. ಗಲೀಜಾಗಿ ಕೊಟ್ರೆ ನಮ್ಮ ಮಾನ ಹೋಗುತ್ತೆ" ಎಂದ.

ಬದುಕಿದ್ದೇನೆ. ಗೇಶೆಯ ಅಪ್ಪಣೆಯ ನನ್ನ ಪಾಲು ಮುಗಿಯಿತು.

೨೧ ಅಕ್ಟೋಬರ್ ೧೯೧೯, ಲೇರ್ ಸ್ಟೇಷನ್, ಬೆಳಿಗ್ಗೆ ೧೦

ರೈಲು ಒಂಬತ್ತಕ್ಕೆ ಬರಬೇಕಿತ್ತು. ಸೆರೆಯಾಳುಗಳ ರೈಲು, ಹೊತ್ತುಗೊತ್ತಿಲ್ಲ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಕೈ ಸುಮ್ಮನಿರಲಾರದು. ಗೇಶೆ ಪಕ್ಕದಲ್ಲಿ ನಿಂತಿದ್ದಾಳೆ, ಇವತ್ತೇ ಮೊದಲ ಸಲ ನೋಡಿದ್ದು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಿ, ದನಿ ದೊಡ್ಡದು. ಟಾಲ್ಕೆ ನನ್ನ ಟೋಪಿ ಕಿತ್ತು ಹಳಿಯ ಕಡೆ ಎಸೆಯಲು ನೋಡುತ್ತಿದ್ದಾಳೆ.

"ಇವತ್ತೇ ಹೇಳ್ತೀರಾ?" ಗೇಶೆ ಕೇಳಿದಳು.

"ಇಳಿದ ತಕ್ಷಣ."

"ಪಾಪ, ಮೊದಲು ನನ್ನನ್ನ ನೋಡ್ಲಿ. ಆಮೇಲೆ ಹೇಳಿ."

ರಾತ್ರಿಯಿಡೀ ರೈಲಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೇನೆ. ಅವನು ಮುಖ ತಿರುಗಿಸಿದರೆ ಸಂಜೆಯ ಗಾಡಿಗೆ ಹೊರಟುಬಿಡುವುದು. ಚೀಲ ಬಿಚ್ಚಿಲ್ಲ.

ಅದೇ ದಿನ, ಸಂಜೆ ೪, ಅವರ ಮನೆ

ಬಂದ. ಬಡಕಲಾಗಿದ್ದಾನೆ, ಬಲಗೈ ಪೂರ್ತಿ ಮಡಚಲು ಬರುವುದಿಲ್ಲ. ಗೇಶೆಯನ್ನು ಅಪ್ಪಿಕೊಂಡ. ಮಗಳನ್ನು ಎತ್ತಿಕೊಂಡ, ಅವಳು ಕಿರುಚಿದಳು, ಕೆಳಗಿಳಿಸಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆದೆ. ಜೋಡಿಸಿಕೊಂಡ ಮಾತು ಒಂದೂ ನೆನಪಿಲ್ಲ.

ಅವನೇ ಕೇಳಿದ — "ಎರ್ವಿನ್, ಅವತ್ತಿಂದು ಬಿತ್ತಾ?"

"ಬಿತ್ತು."

"ನೋಡ್ದೋರು ಇದ್ರಾ?"

"ಮೂರು ಜನ."

"ಸದ್ಯ! ಅದೂ ದಕ್ಕದೆ ಹೋಗಿದ್ರೆ ನಾನು ಬಿದ್ದಿದ್ದು ದಂಡ ಆಗ್ತಿತ್ತು."

"ನಿನಗೆ ಗೊತ್ತಿತ್ತಾ?"

"ಹಿಂದೆ ತಿರುಗಿ ನೋಡ್ದೆ ಕಣೋ. ನೀನಿಲ್ಲ. ಕೆಳಗೆ ನೋಡ್ದೆ, ನೀನು ಅದರ ಬಾಲ ಹಿಡ್ಕೊಂಡು ಹೋಗ್ತಾ ಇದ್ದೆ. ಬೈದೆ. ಬೀಳೋವರೆಗೂ ಬೈತಾನೇ ಇದ್ದೆ. ಶಿಬಿರದಲ್ಲಿ ಒಂದು ವರ್ಷ ಬೈದೆ. ಅರ್ಧ ಮುಗ್ದಿದೆ. ಉಳಿದಿದ್ದು ಊಟ ಆದ್ಮೇಲೆ. ನೀನು ಎಲ್ಲೂ ಹೋಗೋ ಹಾಗಿಲ್ಲ, ಇಲ್ಲೇ ಇರಬೇಕು."

ಗೇಶೆ ನನ್ನ ಚೀಲ ಎತ್ತಿಕೊಂಡು ಒಳಗೆ ಹೋದಳು. ಕೇಳಲೂ ಇಲ್ಲ.

ಹದಿನಾರು ತಿಂಗಳು ಅವನಿಗೆ ಗೊತ್ತಿತ್ತು. ಎಡಗೈಯಲ್ಲಿ ಆ ಕಾರ್ಡು ಗೀಚುವಾಗಲೂ ಗೊತ್ತಿತ್ತು. ಊಟ ಮುಗಿದಿದೆ. ಒಳಗಿನಿಂದ ಕೂಗುತ್ತಿದ್ದಾನೆ — "ಏ ಟೀಲೆ, ಬರೆದಿದ್ದು ಸಾಕು, ಬಾರೋ, ಬೈಸ್ಕೋ!" ಹೊರಟೆ. ಬೈಸಿಕೊಳ್ಳಲು ಇಷ್ಟು ಖುಷಿಯಿಂದ ಯಾರಾದರೂ ಹೋಗಿದ್ದುಂಟೇ?