ಮೂರು ಗಂಟೆಯ ಗ್ಲಾಸು

ಮಾರ್ಚ್ 24, 2020. ಪ್ಲೊವ್ದಿವ್

ಎಲ್ಲ ಮುಚ್ಚಿ ಹನ್ನೆರಡನೇ ದಿನ. ಪಿಯಾನೊ ಶ್ರುತಿ ಮಾಡಲು ಯಾರೂ ಕರೆಯುತ್ತಿಲ್ಲ. ಸಂಜೆ ಏಳಕ್ಕೆ ಬಾಲ್ಕನಿ. ಹುಳಿ ಎಲೆಕೋಸು, ಒಂದು ಗ್ಲಾಸು ರಾಕಿಯಾ, ದ್ರಾಕ್ಷಿಯಿಂದ ಭಟ್ಟಿ ಇಳಿಸಿದ್ದು. ಪಕ್ಕದ ಬಾಲ್ಕನಿಯಲ್ಲಿ ರುಮ್ಯಾನಾ, ಅವಳದೂ ಒಂದು ಗ್ಲಾಸು. ಅಂಚೆ ಕಚೇರಿಯಿಂದ ನಿವೃತ್ತಳು. ನನ್ನಂತೆಯೇ ಒಂಟಿ.

ಏಪ್ರಿಲ್ 9

ರುಮ್ಯಾನಾ ಚಹಾ ಹಿಡಿದು ಬಂದಳು. ಕುಡಿಯುವುದು ಬಿಟ್ಟಳಂತೆ.

"ನಾಲ್ಕು ಜನ ಕೂತು ಕುಡಿದ್ರೆ ರಾಕಿಯಾ. ಒಬ್ಬಳೇ ಕುಡಿದ್ರೆ ಔಷಧಿ. ನಂಗೇನೂ ಕಾಯಿಲೆ ಇಲ್ಲ."

"ನಾನಿಲ್ವಾ ಜೊತೆಗೆ?"

"ನೀವು ಐದಕ್ಕೇ ಶುರು ಮಾಡಿರ್ತೀರ, ಕುಜ್ಮನಣ್ಣ. ಬಾಟಲಿ ಸದ್ದು ಗೋಡೆ ದಾಟಿ ಬರತ್ತೆ."

ನಕ್ಕೆ. ನಾಳೆಯಿಂದ ಅಡುಗೆಮನೆಯಲ್ಲಿ ಸುರಿದುಕೊಳ್ಳಬೇಕು.

ಮೇ 2

ಈಗ ಮೂರು ಗಂಟೆಗೇ ಶುರು. ತಂಗಿ ಫೋನ್ ಮಾಡಿದಳು, ಎತ್ತಲಿಲ್ಲ — ನಾಲಿಗೆ ತೊದಲುವುದು ಗೊತ್ತಾಗುತ್ತಿತ್ತು. ಬಾಲ್ಕನಿಗೆ ಹೋಗದೆ ಒಂದು ವಾರ...

ಮೇ 11, ಸಂಜೆ

ಎಚ್ಚರವಾದಾಗ ಆರು. ಮೆಟ್ಟಿಲ ಮೇಲೆ ಫಿನಾಯಿಲ್ ವಾಸನೆ. ಕೆಳಮನೆಯ ಪೆಂಚೊ ಮಾಸ್ಕ್ ಒಳಗಿಂದಲೇ ಹೇಳಿದ — ಐದಕ್ಕೆ ಆಂಬುಲೆನ್ಸ್ ಬಂದು ರುಮ್ಯಾನಾಳನ್ನು ಒಯ್ದಿತು. ಉಸಿರು ಸಿಗುತ್ತಿರಲಿಲ್ಲ.

"ಅರ್ಧ ಗಂಟೆ ನಿಮ್ಮ ಗೋಡೆ ಬಡೀತಾ ಇದ್ರು. ನಂಗೆ ಕೆಳಗೇ ಕೇಳಿಸ್ತು. ನೀವೆಲ್ಲಿದ್ರಿ?"

ನನ್ನ ಸೋಫಾ ಆ ಗೋಡೆಗೇ ಅಂಟಿಕೊಂಡಿದೆ.

"ಅಂಗಡಿಗೆ ಹೋಗಿದ್ದೆ" ಅಂದೆ.

ಮೇ 19

ಆಸ್ಪತ್ರೆಯಿಂದ ರುಮ್ಯಾನಾ ಫೋನ್. ಮಾತಿಗೊಮ್ಮೆ ಕೆಮ್ಮು.

"ಅಂಗಡಿಗೆ ಹೋಗಿದ್ರಂತೆ, ಪೆಂಚೊ ಹೇಳಿದ. ಸದ್ಯ. ನಿಮಗೇ ಏನೋ ಆಗಿದೆ ಅಂದ್ಕೊಂಡಿದ್ದೆ ನಾನು. ಮೊದಲು ಆ ಬಾಗಿಲು ಒಡೆದು ನೋಡಿ ಅಂತ ಆಂಬುಲೆನ್ಸಿನವರ ಹತ್ರ ಜಗಳ ಆಡ್ದೆ. ಅವರು ಕೇಳ್ಲಿಲ್ಲ."

"ಹೂಂ" ಅಂದೆ.

ಫೋನ್ ಇಟ್ಟು ಗ್ಲಾಸು ತುಂಬಿದೆ. ಕುಡಿದೆ. ಅದನ್ನೂ ಬರೆಯಬೇಕು.

ಮೇ 29, ಬೆಳಿಗ್ಗೆ 10

ನಾಲ್ಕು ದಿನದಿಂದ ಮುಟ್ಟಿಲ್ಲ. ಅಕ್ಷರವೆಲ್ಲ ಸೊಟ್ಟ. ರುಮ್ಯಾನಾ ಆಸ್ಪತ್ರೆಯಿಂದ ಮನೆಗೆ ಬಂದಳು — ಲಿಫ್ಟಿನ ಹತ್ತಿರ ಕೆಮ್ಮು ಕೇಳಿಸಿತು. ಕೋಳಿ ಸೂಪು ಮಾಡಿಟ್ಟಿದ್ದೇನೆ. ಕೊಡುವಾಗ ಹೇಳಿಬಿಡಬೇಕು. ಅಲ್ಲಿ ಬಾಯಿ ಕಟ್ಟಬಾರದೆಂದು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ರುಮ್ಯಾನಾ, ಅವತ್ತು ನಾನು ಅಂಗಡಿಗೆ ಹೋಗಿರ್ಲಿಲ್ಲ. ಗೋಡೆ ಈ ಕಡೇನೇ ಇದ್ದೆ. ನಾನು ಕುಡಿದು ಸೋಫಾ ಮೇಲೆ ಬಿದ್ದಿದ್ದೆ.