ಮಚ್ಚೆಯ ಪರೀಕ್ಷೆ

ಮುದ್ದು ಅಮ್ಮಾ,

ನೀನು ಮದುವೆಯ ದಿನವೂ ನೋಡಿ ನೋಡಿ ಹೆದರುತ್ತಿದ್ದ ನನ್ನ ಕೈಮೇಲಿನ ಮಚ್ಚೆಯನ್ನು ನಿನ್ನೆ ಇವರ ಲ್ಯಾಬಿನಲ್ಲಿ ಪರೀಕ್ಷಿಸಿದರು! ಟೆರಾಹರ್ಟ್ಸ್ ಎಂಬ ಕಣ್ಣಿಗೆ ಕಾಣದ ಅಲೆಗಳು ಚರ್ಮಕ್ಕೆ ತಾಗಿ ಮರಳುವಾಗ ಅಲ್ಲಿ ಎಷ್ಟು ನೀರಿದೆ ಎಂದು ತಿಳಿಸುತ್ತವೆ. ಕ್ಯಾನ್ಸರಿನ ಕೆಟ್ಟ ಮಚ್ಚೆಯಲ್ಲಿ ನೀರು ಹೆಚ್ಚಂತೆ. ಚೂರೂ ನೋವಿಲ್ಲ. ಆದರೆ ಪರದೆಯ ಗೆರೆ ನೋಡಿ ಇವರ ಮುಖ ಬಿಳಿಚಿಕೊಂಡಿತು.

"ಕೈಗೆ ಏನಾದ್ರೂ ಹಚ್ಚಿದ್ದೀಯೇನೇ?"

"ನಿಮ್ಮ ಲ್ಯಾಬಿಗೆ ಬರೋದಲ್ವೇನ್ರೀ, ಅರ್ಧ ಡಬ್ಬಿ ಕ್ರೀಮ್ ಬಳ್ಕೊಂಡು ಬಂದೆ!"

ಅಲ್ಲಿದ್ದ ಚರ್ಮದ ಡಾಕ್ಟರು ಬಿದ್ದು ಬಿದ್ದು ನಕ್ಕರು. ಗೆರೆಯಲ್ಲಿ ಕಂಡದ್ದು ಕ್ರೀಮಿನ ನೀರಂತೆ! ಕೈ ತೊಳೆದು, ಒಣಗಲು ಬಿಟ್ಟು ಮತ್ತೆ ನೋಡಿದರೆ ಗೆರೆ ಸರಿಯಾಗಿತ್ತು. ಡಾಕ್ಟರು ಮಸೂರ ಹಿಡಿದೂ ನೋಡಿ, "ಬರೀ ಮಚ್ಚೆ ಕಣಮ್ಮ" ಎಂದರು. ಇವರು ಎಲ್ಲರೆದುರೇ ನನ್ನ ಕೈ ಹಿಡಿದವರು ಬಿಡಲೇ ಇಲ್ಲ! ನೀನಿನ್ನು ಹಾಯಾಗಿ ನಿದ್ದೆ ಮಾಡು. ಇವರು ಬಾಗಿಲಲ್ಲಿ ಕರೆಯುತ್ತಿದ್ದಾರೆ, ಓಡಿದೆ!

ನಿನ್ನ ಮಗಳು