ಜೇನಗೂಡ ಮನೆತನದವಳು

ಇಜೇರಿ,
೧೮ ಮಾರ್ಚ್ ೧೯೪೪

ತೀರ್ಥರೂಪ ಸಮಾನರಾದ ಅಣ್ಣ ಧರ್ಮಣ್ಣನವರಿಗೆ ಶಿವರಾಯನ ನಮಸ್ಕಾರಗಳು.

ಆಳಂದದಿಂದ ನೀವು ಬರೆದ ಕಾಗದ ತಲುಪಿ ಬಹಳ ದಿನವಾಯಿತು. ಮಗಳು ಕಸ್ತೂರಿಬಾಯಿ ತೀರಿಹೋದಮೇಲೆ ಬರೆಯಲು ಮನಸ್ಸೇ ಏಳಲಿಲ್ಲ, ತಪ್ಪು ತಿಳಿಯಬೇಡಿರಿ. ಜೋಳದ ರಾಶಿ ಮುಗಿಯಿತು. ಕರಿ ಎಮ್ಮೆ ಈದಿದೆ.

ನಿನ್ನೆ ನಮ್ಮ ವಂಶಾವಳಿ ಹಾಡುವ ಹೆಳವ ಎತ್ತಿನ ಮೇಲೆ ಬಂದ. ಈ ಸೀಮೆಯಲ್ಲಿ ಜೇನಗೂಡ ಎಂಬ ಅಡ್ಡಹೆಸರು ನಮಗೆ ಬಿಟ್ಟರೆ ಯಾರಿಗೂ ಇಲ್ಲವಲ್ಲ, ಕೇಳಲು ಓಣಿಯೆಲ್ಲ ಸೇರಿತು. ಅವನು ಗಂಟೆ ಬಾರಿಸಿ ಹೆಸರುವಾಸಿಯಾದವರನ್ನೆಲ್ಲ ಹಾಡಿದ: ಅಫಜಲಪುರದ ಕುಸ್ತಿಯಲ್ಲಿ ಬೆಳ್ಳಿ ಗದೆ ಗೆದ್ದ ಭಗವಂತ ಜೇನಗೂಡ, ಜೇವರ್ಗಿಯ ವಕೀಲ ಅಣ್ಣಾರಾಯ ಜೇನಗೂಡ. ಅಣ್ಣಾರಾಯ ಅಲ್ಲೇ ಕುಳಿತು ಮೀಸೆ ತಿರುವುತ್ತಿದ್ದ.

“ನನ್ನ ಮಗಳ ಹೆಸರೂ ಹೇಳಪ್ಪ,” ಎಂದೆ.

“ಹೆಣ್ಣುಮಕ್ಕಳು ಕೊಟ್ಟ ಮನಿಗೆ ಸೇರ್ತಾರ್ರಿ ಯಜಮಾನ್ರ. ನಮ್ಮ ಹಾಡಿನಾಗ ಬರಂಗಿಲ್ರಿ,” ಎಂದ ಹೆಳವ.

ಅಣ್ಣಾರಾಯ ನಕ್ಕ. “ಆ ಮನಿ ಬಿಟ್ಟು ಬಂದಾಕಿ ಆಕಿ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಬಿಡು ಕಾಕಾ.”

“ಹಂಗಾದ್ರ ಈ ಜ್ವಾಳಾನೂ ಇಲ್ಲೇ ಇರ್ತದ,” ಎಂದು ನಾನು ಹೆಳವನಿಗೆ ಕೊಡಲೆಂದು ತಂದಿದ್ದ ಚೀಲದ ಮೇಲೆ ಕುಳಿತುಬಿಟ್ಟೆ. ಹೆಳವನನ್ನು ಬರಿಗೈಲಿ ಕಳಿಸಿದವರು ನಮ್ಮಲ್ಲಿ ಯಾರೂ ಇಲ್ಲ. ಗೊತ್ತಿದ್ದೇ ಕುಳಿತೆ.

ಪಕ್ಕದ ಮನೆಯ ನಿಂಬೆವ್ವ ಎದ್ದಳು. “ಏ ಹೆಳವ, ವಾಂತಿಭೇದಿ ಬಂದಾಗ ಗಂಡಸ್ರೆಲ್ಲ ಹೊಲಕ್ಕ ಓಡಿದ್ರು. ಆಕಿ ಮನಿಮನಿ ಹೊಕ್ಕು ನೀರು ಕಾಸಿ ಕುಡಿಸಿದ್ಲು. ನಾ ಉಳದೀನಿ, ಆಕಿ ಸತ್ತಳು. ಭಗವಂತನ ಗದಿ ತಗೊಂಡು ನಾ ಏನ್ ಮಾಡ್ಲಿ, ಖಾರ ಕುಟ್ಲೇನು?”

ಜನ ನಕ್ಕರು. ಹೆಳವ ಎತ್ತಿನ ಕೊರಳು ಸವರಿದ. ಆಮೇಲೆ ಗಂಟೆ ಎತ್ತಿ, “ಇಜೇರಿ ಉಳಿಸಿದ ಕಸ್ತೂರಿಬಾಯಿ ಜೇನಗೂಡ” ಎಂದು ಹಾಡಿದ. ಆಗ ಎದ್ದೆ.

ಅಣ್ಣಾರಾಯ ನಿಮಗೆ ದೂರು ಬರೆಯಬಹುದು. ಬರೆಯಲಿ. ಮುಂದಿನ ಸಲ ಹೆಳವ ಅವಳನ್ನು ಬಿಟ್ಟರೆ ನಾನು ಮತ್ತೆ ಚೀಲದ ಮೇಲೆ ಕೂಡುವವನೇ.

ಮನೆಯಲ್ಲಿ ವೈನಿಯವರಿಗೆ ನಮಸ್ಕಾರ. ನಿಮ್ಮ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನನ್ನ ಆಶೀರ್ವಾದ.

ನಿಮ್ಮ ತಮ್ಮ,
ಶಿವರಾಯ ಜೇನಗೂಡ

ತಾ.ಕ.: ಹೋಗುವ ಮುಂಚೆ ಹೆಳವ, ಅವಳ ಮಣ್ಣಿಗೂ ಕೈಮುಗಿದು ಹೋಗುತ್ತೇನೆ, ಎಲ್ಲಿದೆ ಎಂದು ಕೇಳಿದ. ಹಳ್ಳದ ದಂಡೆಗೆ ಕರೆದೊಯ್ದೆ. ಹಿರಿಯರ ಸಮಾಧಿಗಳಿರುವ ಹೊಲದಲ್ಲಿ ಅವಳಿಗೆ ಜಾಗವಿಲ್ಲ ಎಂದು ಆ ದಿನ ಹೇಳಿದವನು ಅಣ್ಣಾರಾಯನಲ್ಲ, ಅಣ್ಣಾ. ನೀವು.